ಸಿಟ್ಟಿನ ಸೈನಿಕನನ್ನು ಬರೆಯುವವರಿಗೆ



ನಮ್ಮ ಪುಟದ ಕಥಾ ವಿಭಾಗಕ್ಕೆ ಈ ಸಲ ಬಂದಿರುವ ಬರಹಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯುದ್ಧದ ವಿಜ್ಞಾನ ಕಥೆಗಳು. ಹೊಸೂರಿನಿಂದ, ಸೊಲ್ಲಾಪುರದಿಂದ, ಆದೋನಿಯಿಂದ, ಕಾಸರಗೋಡಿನಿಂದ, ಬರೆದವರೆಲ್ಲ ಇಪ್ಪತ್ತರ ಆಸುಪಾಸಿನವರು. ಒಬ್ಬರಿಗೊಬ್ಬರು ಪರಿಚಯವಿಲ್ಲದಿದ್ದರೂ ಎಲ್ಲರ ಕಥಾನಾಯಕನೂ ಒಂದೇ ಅಚ್ಚಿನವನು. ಉಕ್ಕಿನ ಕವಚ ತೊಟ್ಟಿರುತ್ತಾನೆ, ಸತ್ತುಹೋದ ಒಂದು ಗ್ರಹದ ಮೇಲೆ ನಿಂತಿರುತ್ತಾನೆ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಸಿಟ್ಟಿನಲ್ಲೇ ಇರುತ್ತಾನೆ.

ಕಾರ್ಯಕಾರಿ ಸಮಿತಿಯಲ್ಲಿ ಈ ಬಗ್ಗೆ ಎರಡು ಅಭಿಪ್ರಾಯ ಬಂತು. ಸಂಘದ ಪುಟದಲ್ಲಿ ಇಷ್ಟು ರಕ್ತಪಾತ ಬೇಡ ಎಂದು ಕೆಲವು ಹಿರಿಯರು ಹೇಳಿದರು. ಅದನ್ನು ನಾವು ಒಪ್ಪಲಿಲ್ಲ. ದುಶ್ಶಾಸನನ ವಧೆಯನ್ನು ಬೆಳಗಿನ ಜಾವದವರೆಗೆ ಚಾಪೆ ಹಾಸಿ ಕುಳಿತು ನೋಡಿದ ಜನ ನಾವು, ಈಗ ರಕ್ತ ಕಂಡರೆ ಆಗುವುದಿಲ್ಲ ಎನ್ನುವುದು ಸರಿಯಲ್ಲ. ಕಥೆಗಳಲ್ಲಿ ಕೊರತೆ ಇರುವುದು ನಿಜ, ಆದರೆ ಅದು ಬೇರೆ ಕೊರತೆ. ಆ ಸಿಟ್ಟು ನಂಬುವ ಹಾಗಿಲ್ಲ. ಅದು ಎಲ್ಲಿಂದ ಬಂತು, ಯಾರ ಮೇಲೆ, ಅದರಿಂದ ಯಾರಿಗೆ ಲಾಭ, ಅದು ಇಳಿದ ಮೇಲೆ ಏನು ಉಳಿಯಿತು ಎಂಬುದು ಯಾವ ಕಥೆಯಲ್ಲೂ ಇಲ್ಲ.

ಇವರಲ್ಲಿ ಹಲವರು ಶಾಲೆಯಲ್ಲಿ ತಮಿಳು, ತೆಲುಗು, ಮರಾಠಿ ಓದಿ, ಕನ್ನಡವನ್ನು ಮನೆಯಲ್ಲಿ ಅಜ್ಜಿಯಿಂದಲೋ ಹಳೆಯ ವಾರಪತ್ರಿಕೆಯಿಂದಲೋ ಕಲಿತವರು. ಇವರ ಮೊದಲ ಕನ್ನಡ ಕಥೆಗೆ 'ಪ್ರಕಟಣೆಗೆ ಯೋಗ್ಯವಲ್ಲ' ಎಂದು ಒಂದು ಸಾಲಿನ ಹಿಂಬರಹ ಕೊಟ್ಟು ವಾಪಸ್ಸು ಕಳಿಸಿದರೆ ಎರಡನೆಯ ಕಥೆ ಕನ್ನಡದಲ್ಲಿ ಬರುವುದಿಲ್ಲ. ಆದ್ದರಿಂದ ಕಥೆಗಳನ್ನು ತಿದ್ದಲು ಕಳಿಸುವುದು, ಏನು ತಿದ್ದಬೇಕೆಂಬುದನ್ನು ವಿವರವಾಗಿ ಬರೆಯುವುದು ಎಂದು ತೀರ್ಮಾನವಾಯಿತು. ಆ ವಿವರಣೆಯೇ ಈ ಲೇಖನ. ಉಳಿದ ಸದಸ್ಯರಿಗೂ ಮನೆಯ ಮಕ್ಕಳು ಮೊಬೈಲಿನಲ್ಲಿ ಏನು ಓದುತ್ತಿದ್ದಾರೆಂದು ತಿಳಿಯಲಿ.

ಈ ಮಕ್ಕಳ ಮನಸ್ಸಿನಲ್ಲಿರುವ ಮಾದರಿ ಬಹುಪಾಲು 'ವಾರ್‌ಹ್ಯಾಮರ್ 40,000'. ಇದು ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿ 1987ರಲ್ಲಿ ಹೊರತಂದ ಮೇಜಿನ ಮೇಲಿನ ಆಟ. ಸಣ್ಣ ಗೊಂಬೆ ಸೈನಿಕರನ್ನು ನಿಲ್ಲಿಸಿ, ದಾಳ ಹಾಕಿ ಆಡುವುದು. ಆಟದ ಹಿನ್ನೆಲೆಯಾಗಿ ಹುಟ್ಟಿದ ಕಥೆ ಬೆಳೆದು ನೂರಾರು ಕಾದಂಬರಿಗಳಾಗಿವೆ. ಕಾಲ ಇಂದಿನಿಂದ ಸುಮಾರು ಮೂವತ್ತೆಂಟು ಸಾವಿರ ವರ್ಷ ಮುಂದೆ. ಯುದ್ಧವೆಂಬುದು ನಿಲ್ಲುವುದೇ ಇಲ್ಲ, ಒಳ್ಳೆಯ ಪಕ್ಷ ಎಂಬುದು ಇಲ್ಲ. ಇಂಥ ಕತ್ತಲೆಯ ಕಥೆಗಳಿಗೆ ಇಂಗ್ಲಿಷಿನಲ್ಲಿ 'ಗ್ರಿಮ್‌ಡಾರ್ಕ್' ಎಂದು ಹೆಸರು. ಆ ಹೆಸರು ಹುಟ್ಟಿದ್ದೂ ಈ ಆಟದ ಘೋಷವಾಕ್ಯದಿಂದಲೇ.

ಅದರಲ್ಲಿ ಸಿಟ್ಟಿಗೆ ಹೆಸರಾದ ಪಾತ್ರ ಆಂಗ್ರಾನ್. ಹೊರಗಿನಿಂದ ನೋಡಿದರೆ ಕೊಡಲಿ ಹಿಡಿದು ಕೂಗುವ ಒಬ್ಬ ರಾಕ್ಷಸ. ನಮಗೆ ಬಂದ ಕಥೆಗಳಲ್ಲಿ ನಕಲಾಗಿರುವುದು ಆ ಕೊಡಲಿ, ಆ ಕೂಗು ಇಷ್ಟೇ. ಅವನ ಪೂರ್ವಕಥೆ ಯಾರಿಗೂ ಬೇಕಾದಂತಿಲ್ಲ. ನ್ಯುಸೀರಿಯಾ ಎಂಬ ಗ್ರಹದಲ್ಲಿ ಬಾಲಕನಾಗಿದ್ದಾಗಲೇ ಅವನನ್ನು ಹಿಡಿದು ಗುಲಾಮನನ್ನಾಗಿ ಮಾಡುತ್ತಾರೆ, ಅಖಾಡದಲ್ಲಿ ಕಾದಾಡಿಸುತ್ತಾರೆ. ಅವನಿಗೆ ಮೊದಲು ಇದ್ದ ಶಕ್ತಿ ಜೊತೆಯವರ ನೋವನ್ನೂ ಭಯವನ್ನೂ ತಾನು ತೆಗೆದುಕೊಳ್ಳುವುದು. ಆಮೇಲೆ ಒಡೆಯರು ಅವನ ಮಿದುಳಿಗೆ 'ಕಟುಕನ ಮೊಳೆಗಳು' ಎಂಬ ಯಂತ್ರವನ್ನು ಜಡಿಯುತ್ತಾರೆ. ಕೊಲ್ಲುವಾಗ ಮಾತ್ರ ಅದು ಅವನಿಗೆ ನೆಮ್ಮದಿ ಕೊಡುತ್ತದೆ, ಉಳಿದ ಹೊತ್ತಿನಲ್ಲಿ ಕುಟುಕುತ್ತಲೇ ಇರುತ್ತದೆ. ಅವನು ಗುಲಾಮರನ್ನು ಕಟ್ಟಿಕೊಂಡು ದಂಗೆ ಏಳುತ್ತಾನೆ. ಕೊನೆಯ ಕಾಳಗದ ಹೊತ್ತಿಗೆ ಎಲ್ಲರೂ ಬೆಟ್ಟದ ಮೇಲೆ ಸುತ್ತುವರಿಯಲ್ಪಟ್ಟಿರುತ್ತಾರೆ. ಆಗ ಮನುಕುಲದ ಚಕ್ರವರ್ತಿ ಬಂದು ಅವನೊಬ್ಬನನ್ನು ಮಾತ್ರ, ಅವನು ಬೇಡವೆಂದರೂ, ತನ್ನ ಹಡಗಿಗೆ ಎತ್ತಿಕೊಳ್ಳುತ್ತಾನೆ. ಜೊತೆಗಾರರೆಲ್ಲ ಅಲ್ಲೇ ಸಾಯುತ್ತಾರೆ. ಚಕ್ರವರ್ತಿ ಇವನಿಗೆ ಒಂದು ಸೈನ್ಯ ಕೊಟ್ಟು, ಇನ್ನು ನನಗಾಗಿ ಹೋರಾಡು ಎನ್ನುತ್ತಾನೆ.

ಏರನ್ ಡೆಂಬ್ಸ್ಕಿ-ಬೌಡನ್ ಬರೆದ 'ಬಿಟ್ರೇಯರ್' ಕಾದಂಬರಿಯಲ್ಲಿ ಆಂಗ್ರಾನ್ ಬಹಳ ಕಾಲದ ನಂತರ ಆ ಬೆಟ್ಟಕ್ಕೆ ವಾಪಸ್ಸು ಬರುತ್ತಾನೆ. ಜೊತೆಗಾರರ ಎಲುಬುಗಳು ಮಣ್ಣು ಕಾಣದೆ ಬಿದ್ದಿವೆ. ಕೆಳಗಿನ ಊರಿನವರು ಹೇಳಿಕೊಂಡು ಬಂದ ಕಥೆಯಲ್ಲಿ ಇವನು ರಣದಿಂದ ಓಡಿಹೋದ ಹೇಡಿ. ಆಗ ಅವನು ಮಾಡುವ ಅನಾಹುತ ಕ್ಷಮಿಸುವಂಥದ್ದಲ್ಲ, ಕಾದಂಬರಿಕಾರನೂ ಕ್ಷಮಿಸುವುದಿಲ್ಲ. ಆದರೆ ಓದುವವನಿಗೆ ಪ್ರತಿಯೊಂದು ಹೆಜ್ಜೆಯೂ ಅರ್ಥವಾಗುತ್ತದೆ. ನಾವು ಮೂವತ್ತು ವರ್ಷ ಕಡತಗಳ ನಡುವೆ ಕುಳಿತವರು, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವನ ಸಿಟ್ಟಿಗೆ ಮೊದಲ ಪುಟದಿಂದ ಕೊನೆಯವರೆಗೆ ಕಾಗದಪತ್ರ ಸರಿಯಾಗಿದೆ.

ಈ ಕಾಗದಪತ್ರ ಬಹಳ ಹಳೆಯದು. ಹೋಮರನ 'ಇಲಿಯಡ್' ಕಾವ್ಯದ ಗ್ರೀಕ್ ಮೂಲದಲ್ಲಿ ಮೊಟ್ಟಮೊದಲ ಪದವೇ ಕೋಪ ಎಂಬ ಅರ್ಥದ್ದು. ದಂಡನಾಯಕ ಅಗಮೆಮ್ನಾನ್ ತನ್ನ ವೀರ ಅಕಿಲಿಸ್‌ಗೆ ಸಂದ ಪಾಲನ್ನು ಎಲ್ಲರೆದುರು ಕಿತ್ತುಕೊಳ್ಳುತ್ತಾನೆ. ಅಕಿಲಿಸ್ ಯುದ್ಧ ಬಿಟ್ಟು ಕೂರುತ್ತಾನೆ. ಅವನ ಬದಲು ಯುದ್ಧಕ್ಕೆ ಹೋದ ಪ್ರಾಣಸ್ನೇಹಿತ ಪೆಟ್ರೋಕ್ಲಸ್ ಸಾಯುತ್ತಾನೆ. ಅಲ್ಲಿಂದ ಮುಂದೆ ಅಕಿಲಿಸ್ ಮನುಷ್ಯನಾಗಿ ಉಳಿಯುವುದಿಲ್ಲ.

ಜೊನಾಥನ್ ಶೇ ಎಂಬ ಮನೋವೈದ್ಯರು ಬಾಸ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದರು. ಅವರ ಮಾತು ಕೇಳುತ್ತ ಕೇಳುತ್ತ ಇದೇ ಕಥೆಯನ್ನು ಹೋಮರನಲ್ಲಿ ಓದಿದ್ದೇನಲ್ಲ ಎನಿಸಿತು. 1994ರಲ್ಲಿ 'ಅಕಿಲಿಸ್ ಇನ್ ವಿಯೆಟ್ನಾಂ' ಎಂಬ ಪುಸ್ತಕ ಬರೆದರು. ಯುದ್ಧದ ಕಥೆ ಬರೆಯುವವರು ಯಾರೇ ಆಗಲಿ, ಸಿಕ್ಕಿದರೆ ಓದಬೇಕು. ಸೈನಿಕ ಹುಚ್ಚುಗಟ್ಟಿ ಕೊಲ್ಲುವ ಸ್ಥಿತಿಗೆ ಹೋಗುವುದು ಶತ್ರುವಿನ ಮೇಲಿನ ದ್ವೇಷದಿಂದಲೇ ಎಂದು ನಾವು ತಿಳಿದಿರುತ್ತೇವೆ. ಶೇ ಅವರು ಕಂಡದ್ದು ಬೇರೆ. ಬಹಳ ಸಲ ಮೊದಲ ಪೆಟ್ಟು ಬರುವುದು ತನ್ನವರಿಂದ, ತನ್ನ ಮೇಲಧಿಕಾರಿ ನ್ಯಾಯವನ್ನು ಮುರಿದಾಗ. ಅದರ ಮೇಲೆ ಹತ್ತಿರದ ಗೆಳೆಯನ ಸಾವು. ಸರಿಯಾಗಿ ಅಳುವುದಕ್ಕೂ ಅವಕಾಶ ಸಿಗದ ಆ ದುಃಖವೇ ಸಿಟ್ಟಾಗುತ್ತದೆ. ಆ ಸ್ಥಿತಿಯಲ್ಲಿ ಅವನಿಗೆ ಹೆದರಿಕೆ ಇಲ್ಲ, ಪೆಟ್ಟಿನ ನೋವು ತಿಳಿಯುವುದಿಲ್ಲ, ತಾನು ದೇವರಂತೆ ಅನಿಸುತ್ತದೆ. ಸ್ವಂತ ಜೀವದ ಮೇಲೂ ಕಾಳಜಿ ಇರುವುದಿಲ್ಲ. ಆ ಸೈನಿಕರು ಬದುಕಿ ಮನೆಗೆ ಬಂದರೂ ಪೂರ್ತಿ ವಾಪಸ್ಸು ಬರಲಿಲ್ಲ.

ನಮ್ಮ ಬರಹಗಾರರು ಗಮನಿಸಬೇಕಾದ ಒಂದು ಸನ್ನಿವೇಶ 'ಇಲಿಯಡ್'ನಲ್ಲಿದೆ. ಲೈಕೇಆನ್ ಎಂಬ ಟ್ರಾಯ್ ರಾಜಕುಮಾರ ಅಕಿಲಿಸ್‌ನ ಮೊಣಕಾಲು ಹಿಡಿದು ಪ್ರಾಣಭಿಕ್ಷೆ ಬೇಡುತ್ತಾನೆ. ಇದೇ ಹುಡುಗನನ್ನು ಹಿಂದೊಮ್ಮೆ ಅಕಿಲಿಸ್ ಸೆರೆಹಿಡಿದು, ಕೊಲ್ಲದೆ ಮಾರಿದ್ದ. ಈಗ ಅವನನ್ನು ಗೆಳೆಯ ಎಂದು ಕರೆದೇ ಕೊಲ್ಲುತ್ತಾನೆ. ಕೂಗಾಟ ಕಡಿಮೆ. ಹಿಂದೆ ಇವನು ಹೇಗಿದ್ದ ಎಂಬುದು ನಮಗೆ ಗೊತ್ತಿರುವುದರಿಂದ ಆ ತಣ್ಣನೆಯ ಮಾತು ಮೈ ನಡುಗಿಸುತ್ತದೆ. ಕಾಸರಗೋಡಿನಿಂದ ಬಂದ ಕಥೆಯಲ್ಲಿ ನಾಯಕ ಹದಿನಾಲ್ಕು ಜನರನ್ನು ಕೊಲ್ಲುತ್ತಾನೆ. ಅವರಲ್ಲಿ ಒಬ್ಬನನ್ನಾದರೂ ಅವನು ಹಿಂದೆ ಒಮ್ಮೆ ಉಳಿಸಿದ್ದರೆ ಉಳಿದ ಹದಿಮೂರು ಹೆಣಗಳ ಅವಶ್ಯಕತೆ ಇರಲಿಲ್ಲ.

ವಿಜ್ಞಾನ ಕಥೆಗೆ ಇದರ ಮೇಲೆ ಇನ್ನೊಂದು ಅನುಕೂಲವಿದೆ. ಸಿಟ್ಟನ್ನು ತಯಾರಿಸುವ ಕಾರ್ಖಾನೆಯನ್ನು ಅದು ನೇರವಾಗಿ ತೋರಿಸಬಲ್ಲದು. ಜೋ ಹಾಲ್ಡೆಮನ್ ವಿಯೆಟ್ನಾಂನಲ್ಲಿ ಹೋರಾಡಿ ಗಾಯಗೊಂಡು ಬಂದವರು. 1974ರಲ್ಲಿ ಅವರು ಬರೆದ 'ದಿ ಫಾರೆವರ್ ವಾರ್' ಕಾದಂಬರಿಗೆ ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ಬಂದಿವೆ. ಅದರಲ್ಲಿ ಮ್ಯಾಂಡೆಲ್ಲಾ ಎಂಬ ಸೈನಿಕ ಮತ್ತು ಜೊತೆಗಾರರು ಮೊದಲ ಬಾರಿ ಅನ್ಯಗ್ರಹದವರ ಎದುರು ನಿಂತಾಗ ಅವರಲ್ಲಿ ದ್ವೇಷವೇ ಇಲ್ಲ. ದ್ವೇಷಕ್ಕೆ ಕಾರಣವೂ ಇಲ್ಲ. ಸೇನೆ ಮೊದಲೇ ಸಂಮೋಹನದಿಂದ ಅವರ ಮನಸ್ಸಿನಲ್ಲಿ ಸುಳ್ಳು ನೆನಪುಗಳನ್ನು ತುಂಬಿಟ್ಟಿದೆ. ಒಂದು ಸಂಕೇತದ ಮಾತು ಕೇಳಿದ ತಕ್ಷಣ ಎಲ್ಲರಿಗೂ ಒಮ್ಮೆಗೇ ರೊಚ್ಚು ಏರುತ್ತದೆ. ಈ ನೆನಪು ಸುಳ್ಳು ಎಂದು ಮ್ಯಾಂಡೆಲ್ಲಾನಿಗೆ ಗೊತ್ತು. ಗೊತ್ತಿದ್ದೂ ಅವನಿಗೆ ರಕ್ತ ಬೇಕೆನಿಸುತ್ತದೆ. ಎದುರಿನವರು ಸರಿಯಾಗಿ ಪ್ರತಿಭಟಿಸುವುದೂ ಇಲ್ಲ, ನಡೆದದ್ದು ಕಸಾಯಿಖಾನೆಯ ಕೆಲಸ. ಸಂಮೋಹನ ಇಳಿದ ಮೇಲೆ ಅವನಿಗೆ ತನ್ನ ಮೇಲೆ ಹೇಸಿಗೆ ಹುಟ್ಟುತ್ತದೆ. ಸಾವಿರಕ್ಕೂ ಹೆಚ್ಚು ವರ್ಷ ನಡೆದ ಆ ಯುದ್ಧ ಒಂದು ತಪ್ಪು ತಿಳುವಳಿಕೆಯಿಂದ ಶುರುವಾದದ್ದು ಎಂದು ಕೊನೆಯಲ್ಲಿ ತಿಳಿದಾಗ, ಆ ಮೊದಲ ದಿನದ ರೊಚ್ಚು ಓದುಗನಿಗೆ ಇನ್ನೊಮ್ಮೆ ನೆನಪಾಗುತ್ತದೆ.

ಆಂಗ್ರಾನನ ಮೊಳೆಗಳೂ ಈ ಸಂಮೋಹನವೂ ಒಂದೇ ಪ್ರಶ್ನೆ ಎತ್ತುತ್ತವೆ. ಸಿಟ್ಟು ಬಂದದ್ದು ಇವನಿಗೆ, ಆದರೆ ಅದರ ಲೆಕ್ಕ ಯಾರ ಹೆಸರಿನಲ್ಲಿ ಜಮಾ ಆಯಿತು? ಸೊಲ್ಲಾಪುರದ ಕಥೆಯಲ್ಲಿ ನಾಯಕನ ಊರನ್ನು ಶತ್ರುಗಳು ಸುಟ್ಟಿದ್ದಾರೆ, ಅದನ್ನು ಹೇಳಿದ್ದು ಅವನ ಸೇನಾಧಿಕಾರಿ. ಸುಟ್ಟದ್ದನ್ನು ನಾಯಕ ಕಣ್ಣಾರೆ ನೋಡಿಯೇ ಇಲ್ಲ! ಬರೆದವರು ಇದನ್ನು ಗಮನಿಸಿದಂತೆ ಕಾಣಲಿಲ್ಲ. ನಮ್ಮ ಮಟ್ಟಿಗೆ ಇಡೀ ಕಥೆ ಆ ಒಂದು ಸಾಲಿನಲ್ಲಿ ಅಡಗಿದೆ.

ಇನ್ನು ಸಿಟ್ಟಿನ ಒಳಗೆ ಇರುವುದು ಹೇಗಿರುತ್ತದೆ ಎಂಬ ಮಾತು. ಜಾನ್ ಸ್ಟೀಕ್ಲಿಯವರ 'ಆರ್ಮರ್' 1984ರ ಕಾದಂಬರಿ. ಅದರ ಫೆಲಿಕ್ಸ್ ಎಂಬ ಸೈನಿಕನನ್ನು ಇರುವೆಯಂಥ ದೈತ್ಯ ಶತ್ರುಗಳಿರುವ ಗ್ರಹಕ್ಕೆ ಮತ್ತೆ ಮತ್ತೆ ಇಳಿಸುತ್ತಾರೆ. ಕಾಳಗ ಶುರುವಾದಾಗ ಅವನೊಳಗಿನ ಇನ್ನೊಬ್ಬ ಕೆಲಸಕ್ಕೆ ಇಳಿಯುತ್ತಾನೆ, ಫೆಲಿಕ್ಸ್ ಅವನನ್ನು 'ಎಂಜಿನ್' ಎನ್ನುತ್ತಾನೆ. ಎಂಜಿನ್‌ಗೆ ಹೆದರಿಕೆ ಇಲ್ಲ, ಕನಿಕರ ಇಲ್ಲ. ಫೆಲಿಕ್ಸ್‌ಗೆ ಬದುಕುವ ಆಸೆ ಅಷ್ಟಾಗಿ ಉಳಿದಿಲ್ಲ, ಆದರೆ ಎಂಜಿನ್ ಅವನನ್ನು ಸಾಯಲು ಬಿಡುವುದಿಲ್ಲ. ಇಲ್ಲಿ ಸಿಟ್ಟು ಕೆಂಪಗಿಲ್ಲ, ಕೂಗುವುದಿಲ್ಲ, ಯಂತ್ರದಂತೆ ದುಡಿಯುತ್ತದೆ.

ದೇಹದ ವಿಚಾರವನ್ನೂ ಬಿಡಬಾರದು. ಅತಿಯಾದ ಆವೇಶದಲ್ಲಿ ದೃಷ್ಟಿ ಕಿರಿದಾಗುತ್ತದೆ, ಪಕ್ಕದಲ್ಲಿರುವುದು ಕಾಣುವುದಿಲ್ಲ. ಕಿವಿ ಮಂದವಾಗುತ್ತದೆ. ಎದೆ ಬಡಿತ ಏರಿ, ಬೆರಳಿನ ಸೂಕ್ಷ್ಮ ಕೆಲಸ ಕೈಕೊಡುತ್ತದೆ. ಗಾಯದ ನೋವು ಆಮೇಲೆ ತಿಳಿಯುತ್ತದೆ. ಹೊಸೂರಿನ ಕಥೆಯ ನಾಯಕ ಮಹಾಕ್ರೋಧದಲ್ಲಿದ್ದಾಗಲೇ ತೋಳಿನ ಮೇಲಿನ ಫಲಕದಲ್ಲಿ ಹನ್ನೊಂದು ಅಂಕಿಯ ಗುಪ್ತಸಂಖ್ಯೆಯನ್ನು ಒಂದೇ ಸಲಕ್ಕೆ ಸರಿಯಾಗಿ ಒತ್ತುತ್ತಾನೆ. ಆಗುವ ಮಾತಲ್ಲ. ಅವನು ಎರಡು ಸಲ ತಪ್ಪು ಒತ್ತಲಿ, ಕಥೆಗೆ ಅಲ್ಲೇ ಬಿಸಿ ಬರುತ್ತದೆ. ಇನ್ನೂ ಒಂದು. ಮುಚ್ಚಿದ ಕವಚದೊಳಗೆ ಇರುವುದು ಅಳತೆಯ ಗಾಳಿ. ಸಿಟ್ಟಿನಲ್ಲಿ ಏದುಸಿರು ಬಿಡುವವನ ಗಾಳಿ ಬೇಗ ಖರ್ಚಾಗುತ್ತದೆ. ಸಿಟ್ಟಿನ ವೆಚ್ಚವನ್ನು ಮೀಟರಿನ ಮುಳ್ಳಿನಲ್ಲಿ ತೋರಿಸುವ ಇಂಥ ಸೌಲಭ್ಯ ಹೋಮರನಿಗೂ ಇರಲಿಲ್ಲ, ನಮ್ಮ ರನ್ನನಿಗೂ ಇರಲಿಲ್ಲ.

ರನ್ನನ ಹೆಸರು ಬಂತು. ಸುಮಾರು ಸಾವಿರ ವರ್ಷದ ಹಿಂದೆ ಅವನು ಬರೆದ 'ಗದಾಯುದ್ಧ'ವನ್ನು ಈ ಬರಹಗಾರರು ಗದ್ಯಾನುವಾದದಲ್ಲಾದರೂ ಓದಲಿ ಎಂಬುದು ನಮ್ಮ ಆಗ್ರಹ. ಭೀಮನ ಸಿಟ್ಟು ದ್ರೌಪದಿಯ ಬಿಚ್ಚಿದ ಮುಡಿಗೆ ಕಟ್ಟಿದ್ದು, ಪ್ರತಿಜ್ಞೆಯಲ್ಲಿ ಬರೆದಿಟ್ಟದ್ದು. ಅದು ಒಂದು ಬಗೆ. ದುರ್ಯೋಧನನದು ಇನ್ನೊಂದು. ಅವನು ಹೆಣಗಳ ನಡುವೆ ನಡೆದು ಬರುತ್ತಾನೆ. ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ಕಂಡು ಅಳುತ್ತಾನೆ, ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯವನ್ನೂ ಹೊಗಳುತ್ತಾನೆ. ಇಷ್ಟೆಲ್ಲ ಆದ ಮೇಲೆ ವೈಶಂಪಾಯನ ಸರೋವರದೊಳಗೆ ಅಡಗಿದ್ದಾಗ ದಡದಿಂದ ಭೀಮನ ಮೂದಲಿಕೆ ಕೇಳಿಸುತ್ತದೆ. ತಣ್ಣೀರಿನೊಳಗೆ ಮುಳುಗಿದ್ದವನು ಸಿಟ್ಟಿನಿಂದ ಬೆವರುತ್ತಾನೆ. ನೀರಿನಲ್ಲಿದ್ದವನ ಬೆವರು! ಅದನ್ನು ಓದಿದ ಮೇಲೆ 'ಕಣ್ಣು ಕೆಂಡವಾಯಿತು' ಎಂದು ಬರೆಯಲು ಕೈ ಬರಬಾರದು. (ನಮ್ಮ ಎಣಿಕೆಯ ಪ್ರಕಾರ ಒಂದು ಕಥೆಯಲ್ಲಿ ಕಣ್ಣು ಒಂಬತ್ತು ಸಲ ಕೆಂಡವಾಗಿದೆ, ಹಲ್ಲು ಆರು ಸಲ ಕಡಿಯಲ್ಪಟ್ಟಿದೆ.)

ಕಾಸರಗೋಡಿನ ಸದಸ್ಯರಿಗೆ ಯಕ್ಷಗಾನದ ಬಣ್ಣದ ವೇಷ ಗೊತ್ತೇ ಇದೆ. ಮುಖದ ತುಂಬ ಚಿಟ್ಟಿ ಇಟ್ಟ ಆ ರೌದ್ರ ವೇಷ ರಂಗಕ್ಕೆ ಬಂದ ತಕ್ಷಣ ಮುಖ ತೋರಿಸುವುದಿಲ್ಲ. ತೆರೆಯ ಹಿಂದೆ ಕುಣಿಯುತ್ತದೆ, ತೆರೆಯ ಮೇಲಿಂದ ಕಿರೀಟದ ಅಂಚು ಮಾತ್ರ ಕಾಣುತ್ತದೆ, ಮತ್ತೆ ಮರೆಯಾಗುತ್ತದೆ. ಪೂರ್ತಿ ಮುಖ ಕಾಣುವ ಹೊತ್ತಿಗೆ ಮುಂದೆ ಕುಳಿತ ಮಕ್ಕಳು ಅಮ್ಮನ ಮಡಿಲು ಸೇರಿರುತ್ತವೆ. ಮೊದಲ ಸಾಲಿನಲ್ಲೇ ಗರ್ಜಿಸುವ ನಾಯಕನಿಗೆ ಎರಡನೆಯ ಪುಟದಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ.

ಭಾಷೆಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಇದು ಕನ್ನಡ ಸಂಘವಾದ್ದರಿಂದ. ಬಂದ ಕಥೆಗಳಲ್ಲಿ 'ಕ್ರೋಧ' ಎಂಬ ಒಂದೇ ಪದ ಎಲ್ಲ ಕೆಲಸ ಮಾಡಿದೆ. ಕನ್ನಡದಲ್ಲಿ ಇದಕ್ಕೆ ಬಡತನವಿಲ್ಲ. ಮುನಿಸು ನಮಗೆ ಬೇಕಾದವರ ಮೇಲೆ ಮಾತ್ರ ಬರುವಂಥದ್ದು. ಸೆಡವು ಮಾತು ಬಿಟ್ಟು ಕೂರುತ್ತದೆ. ಸಿಟ್ಟು ಬಂದು ಹೋಗುತ್ತದೆ. ರೋಷದಲ್ಲಿ ಮಾನದ ಪ್ರಶ್ನೆ ಇದೆ. ರೊಚ್ಚಿಗೆ ಕಣ್ಣಿಲ್ಲ. ಕಿಚ್ಚು ಒಳಗೇ ಉರಿಯುತ್ತದೆ. ಛಲ ತಣ್ಣಗಿರುತ್ತದೆ, ವರ್ಷಗಟ್ಟಲೆ ಕಾಯುತ್ತದೆ. ಅಕಿಲಿಸ್ ಮುನಿಸಿನಿಂದ ಶುರುಮಾಡಿ, ಸೆಡವಿಗೆ ಹೋಗಿ, ರೊಚ್ಚಿನಲ್ಲಿ ಮುಗಿಸಿದವನು. ಒಂದೊಂದು ಅಧ್ಯಾಯಕ್ಕೆ ಒಂದೊಂದು ಪದ ಗುರುತು ಹಾಕಿಕೊಂಡರೆ ಪಾತ್ರ ತಾನಾಗಿ ನಡೆಯುತ್ತದೆ. ನಮ್ಮ ಗಡಿಯ ಭಾಷೆಗಳೂ ಸಹಾಯಕ್ಕಿವೆ. ಮರಾಠಿಯಲ್ಲಿ 'ರಾಗ' ಎಂದರೆ ಸಿಟ್ಟು, ಮಲಯಾಳದಲ್ಲಿ 'ದೇಷ್ಯ' ಎನ್ನುತ್ತಾರೆ. ನಿಮ್ಮ ಸೈನ್ಯದಲ್ಲಿ ನಾನಾ ಗ್ರಹದವರಿದ್ದರೆ ಎಲ್ಲರೂ ಬೆಂಗಳೂರಿನ ಪತ್ರಿಕೆಯ ಕನ್ನಡದಲ್ಲೇ ಬೈಯಬೇಕೆಂದಿಲ್ಲ. ತಾಳವಾಡಿಯ ಬೈಗುಳವೂ ನಡೆಯುತ್ತದೆ, ಜತ್ತದ್ದೂ ನಡೆಯುತ್ತದೆ, ಅಚ್ಚಿಗೆ ಯೋಗ್ಯವಾಗಿದ್ದರೆ ಸಾಕು.

ಕಾಳಗದ ವಾಕ್ಯಗಳಿಗೆ ಇಂಗ್ಲಿಷಿನ ತುಂಡು ತುಂಡು ವಾಕ್ಯವೇ ಬೇಕೆಂದು ಎಲ್ಲರೂ ತಿಳಿದಂತಿದೆ. ಅವನು ಓಡಿದ. ಹೊಡೆದ. ಕೊಂದ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಒಂದು ವರ. ಓಡಿ, ಎಡವಿ, ಎದ್ದು, ಕೈಗೆ ಸಿಕ್ಕಿದ್ದನ್ನು ಹಿಡಿದು, ಎದುರಿಗೆ ಬಂದದ್ದಕ್ಕೆ ಬಡಿದು, ಬಡಿದದ್ದು ಯಾರಿಗೆಂದು ನೋಡದೆ ಇನ್ನೊಮ್ಮೆ ಬಡಿದು ಎಂದು ಎಳೆಯುತ್ತ ಹೋಗಬಹುದು. ಓದುಗ ಉಸಿರು ಹಿಡಿದು ಕೊನೆಯ ಪದಕ್ಕೆ ಕಾಯುತ್ತಾನೆ. ಆ ಕೊನೆಯ ಪದ 'ಕೊಂದ' ಎಂದೇ ಆಗಬೇಕಿಲ್ಲ. 'ನಿಂತ' ಎಂದಾಗಬಹುದು, 'ಅತ್ತ' ಎಂದೂ ಆಗಬಹುದು. ಉದ್ಗಾರ ಚಿಹ್ನೆಗಳನ್ನು ಮೂರು ಮೂರು ಹಾಕುವುದನ್ನು ದಯವಿಟ್ಟು ನಿಲ್ಲಿಸಿ.

ಸಿಟ್ಟಿನ ಪಾತ್ರದ ಹತ್ತಿರ ಸಿಟ್ಟಿಲ್ಲದ ಒಬ್ಬರು ಇರಬೇಕು, ಇಲ್ಲದಿದ್ದರೆ ಅದರ ಎತ್ತರ ತಿಳಿಯುವುದಿಲ್ಲ. ಮ್ಯಾಥ್ಯೂ ಫ್ಯಾರರ್ ಬರೆದ 'ಆಫ್ಟರ್ ಡೆಶಿಯಾ' ಎಂಬ ಸಣ್ಣಕಥೆಯಲ್ಲಿ ಹಡಗಿಗೆ ತಂದ ಆಂಗ್ರಾನನ ಕೋಣೆಗೆ ಅವನ ಹೊಸ ಸೈನ್ಯದ ಅಧಿಕಾರಿಗಳು ಒಬ್ಬೊಬ್ಬರಾಗಿ ಹೋಗಿ ಹೆಣವಾಗುತ್ತಾರೆ. ಖಾರ್ನ್ ಎಂಬವನು ಹೋಗುತ್ತಾನೆ, ಪೆಟ್ಟು ತಿನ್ನುತ್ತಾನೆ, ತಿರುಗಿ ಹೊಡೆಯುವುದಿಲ್ಲ. ಮಾತಾಡುತ್ತಾನೆ, ಕೇಳುತ್ತಾನೆ. ಸತ್ತ ಜೊತೆಗಾರರ ಕಥೆ ಆಂಗ್ರಾನನ ಬಾಯಿಂದ ಹೊರಬರುವುದು ಆಗಲೇ. ಮುಂದೆ ಈ ಖಾರ್ನ್‌ನೇ ಇಡೀ ಸೈನ್ಯದಲ್ಲಿ ಭಯಂಕರ ಕೊಲೆಗಾರನಾಗುತ್ತಾನೆ ಎಂಬುದು ಓದುಗರಿಗೆ ಗೊತ್ತಿರುವುದರಿಂದ ಆ ಕೋಣೆಯ ಮೌನ ಇನ್ನಷ್ಟು ಭಾರವಾಗುತ್ತದೆ.

ಕಾಳಗ ಮುಗಿದ ಮೇಲಿನ ಪುಟವನ್ನೂ ಬರೆಯಿರಿ. ನಮಗೆ ಬಂದ ಒಂದು ಕಥೆಯಲ್ಲೂ ಆ ಪುಟವಿಲ್ಲ, ಎಲ್ಲವೂ ಗೆಲುವಿನ ಕೂಗಿಗೆ ನಿಂತಿವೆ. 'ಇಲಿಯಡ್' ನಿಲ್ಲುವುದು ಹಾಗಲ್ಲ. ಅಕಿಲಿಸ್ ಹೆಕ್ಟರ್‌ನನ್ನು ಕೊಂದು, ಹೆಣವನ್ನು ರಥಕ್ಕೆ ಕಟ್ಟಿ ಎಳೆದು, ಅದರಿಂದಲೂ ಸಮಾಧಾನ ಕಾಣದೆ ಕುಳಿತಿರುವಾಗ ಸತ್ತವನ ಮುದಿ ತಂದೆ ಪ್ರಿಯಾಮ್ ರಾತ್ರಿಯಲ್ಲಿ ಡೇರೆಗೆ ಬಂದು, ಮಗನನ್ನು ಕೊಂದ ಕೈಗೆ ಮುತ್ತಿಡುತ್ತಾನೆ. ಇಬ್ಬರೂ ಅಳುತ್ತಾರೆ, ಒಬ್ಬ ಮಗನಿಗಾಗಿ, ಒಬ್ಬ ತಂದೆಗಾಗಿ ಮತ್ತು ಗೆಳೆಯನಿಗಾಗಿ. ಆಮೇಲೆ ಊಟ ಮಾಡುತ್ತಾರೆ. ಯುದ್ಧ ಇನ್ನೂ ಮುಗಿದಿಲ್ಲ. ಆದರೆ ಸಿಟ್ಟಿನ ಕಥೆ ಮುಗಿದಿದೆ.

ಕಥೆ ಕಳಿಸಿದ ಎಲ್ಲರಿಗೂ ಅವರವರ ಹಸ್ತಪ್ರತಿಯನ್ನು ಅಂಚಿನ ಟಿಪ್ಪಣಿಗಳೊಂದಿಗೆ ಹಿಂದಿರುಗಿಸಲಾಗುತ್ತಿದೆ. ಇದನ್ನು ತಿರಸ್ಕಾರವೆಂದು ಯಾರೂ ಭಾವಿಸಬಾರದು. ತಿದ್ದಿದ ಪ್ರತಿಗಳನ್ನು ಆಯಾ ಊರಿನ ಪ್ರತಿನಿಧಿಗಳ ಮೂಲಕ ಕಳಿಸಬಹುದು, ಕೈಬರಹವಾದರೂ ಅಡ್ಡಿಯಿಲ್ಲ, ಬೆರಳಚ್ಚು ನಾವು ಮಾಡಿಕೊಳ್ಳುತ್ತೇವೆ. ಸೊಲ್ಲಾಪುರದ ಕಥೆಯ ಲೇಖಕರು ಮಾತ್ರ ಉಳಿದದ್ದನ್ನು ಬದಿಗಿಟ್ಟು, ಊರು ಸುಟ್ಟ ಸುದ್ದಿಯನ್ನು ಸೇನಾಧಿಕಾರಿ ಹೇಳುವ ಆ ಸಾಲಿನಿಂದ ಹೊಸದಾಗಿ ಶುರುಮಾಡಬೇಕೆಂದು ಕೋರುತ್ತೇವೆ.

ಕಾರ್ಯದರ್ಶಿ